ಟೇಪಿನ ಇನ್ನೊಂದು ತುದಿ

“ಗುರುಗಳೇ, ನಾನು ಬರೆದ ಸಾಲನ್ನು ಯಾರೂ ತಿರುಗಿ ನೋಡದೆ ಒಪ್ಪಿಕೊಳ್ಳುವ ದಿನ ಯಾವಾಗ ಬರುತ್ತದೆ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಫಕೀರೇಶ. ಬಸ್ ಡಿಪೋದಲ್ಲಿ ಟೈರು ಬದಲಿಸುವ ಕೆಲಸ, ವಯಸ್ಸು ನಲವತ್ತು ದಾಟಿತ್ತು. ಬಿಡುವಿನ ಹೊತ್ತಿನ ಕೆಲಸಕ್ಕೆಂದು ಗುರುಗಳ ಬಳಗ ಸೇರಿದ್ದ. ಮನೆಯ ಕುರ್ಚಿಯಲ್ಲಿ ಕೂತು, ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸುವ ಮಂದಿ ಲೋಕದಲ್ಲಿ ಲೆಕ್ಕವಿಲ್ಲದಷ್ಟು ಇದ್ದಾರೆ. ಅವರ ವಿಮಾನ ಎಲ್ಲಿಯಾದರೂ ಇಳಿಯಬೇಕಾದರೆ ನಿಲ್ದಾಣ ಎಲ್ಲಿದೆ, ರನ್‌ವೇ ಎಲ್ಲಿಂದ ಎಲ್ಲಿಯವರೆಗೆ, ನೆಲ ಎಷ್ಟು ಎತ್ತರ, ದಾರಿ ತೋರುವ ರೇಡಿಯೋ ಯಾವ ಸಂಖ್ಯೆಯಲ್ಲಿ ಸಿಗುತ್ತದೆ ಎಂಬುದೆಲ್ಲ ಒಂದು ಪಟ್ಟಿಯಲ್ಲಿ ಇರಬೇಕು. ಅಂಥ ಪಟ್ಟಿಯನ್ನು ಮಾರುವವರೂ ಇದ್ದಾರೆ. ಗುರುಗಳ ಬಳಗ ಪುಕ್ಕಟೆ ಕೊಡುತ್ತಿತ್ತು. ಇಪ್ಪತ್ತೆಂಟು ದಿನಕ್ಕೊಮ್ಮೆ ತಿದ್ದಿದ ಪಟ್ಟಿ ಹೊರಡುತ್ತಿತ್ತು. ಒಬ್ಬರು ಬರೆದ ಸಾಲನ್ನು ಬೇರೆ ಇಬ್ಬರು ನೋಡಿ ಒಪ್ಪಿದ ಮೇಲೆಯೇ ಅದು ಪಟ್ಟಿಗೆ ಸೇರಬೇಕೆಂಬುದು ಬಳಗದ ಕಟ್ಟಳೆ.

ಫಕೀರೇಶ ಅಲ್ಲಿಯವರೆಗೆ ಹದಿನಾಲ್ಕು ಸಾಲು ಬರೆದಿದ್ದ. ಹದಿನಾಲ್ಕೂ ಮುನಿಸಿಕೊಂಡ ಸೊಸೆಯರ ಹಾಗೆ ಒಂದೊಂದು ದೂರು ಹೊತ್ತು ಮನೆಗೆ ವಾಪಸು ಬಂದಿದ್ದವು. ಅವನಿಗೆ ಅವಮಾನವಾಗಿತ್ತು.

ಗುರುಗಳು ನಕ್ಕರು. ಅಂಥ ದಿನ ಕಂಡವನು ನಮ್ಮ ಬಳಗದಲ್ಲಿ ಒಬ್ಬನೇ ಒಬ್ಬ, ಅವನ ಕತೆ ಕೇಳು ಎಂದು ಹೇಳತೊಡಗಿದರು.

ಒಬ್ಬ ಪಟ್ಟಿಗಾರನಿದ್ದ. ಅವನ ಕಾಲದಲ್ಲಿ ಈ ಕಟ್ಟಳೆ ಇರಲಿಲ್ಲ. ಬರೆಯುವ ಹಕ್ಕು ಒಮ್ಮೆ ಸಿಕ್ಕಿತೆಂದರೆ ಬರೆದದ್ದೇ ಪಟ್ಟಿ.

ದೊಡ್ಡ ನಿಲ್ದಾಣಗಳ ಅಳತೆಯನ್ನು ಸರಕಾರಗಳೇ ಅಚ್ಚು ಹಾಕಿಸುತ್ತವೆ. ಆದರೆ ಹಳೆಯ ಯುದ್ಧದಲ್ಲಿ ಯಾರೋ ಸಮತಟ್ಟು ಮಾಡಿಸಿ ಬಿಟ್ಟುಹೋದ ಬಯಲು, ಗಣಿಯ ಧಣಿ ತನ್ನೊಬ್ಬನ ವಿಮಾನಕ್ಕೆಂದು ಮಾಡಿಸಿಕೊಂಡ ಮಣ್ಣಿನ ರನ್‌ವೇ, ಇವುಗಳ ಅಳತೆ ಯಾವ ಕಾಗದದಲ್ಲೂ ಇರುವುದಿಲ್ಲ. ಆಕಾಶದಿಂದ ತೆಗೆದ ಚಿತ್ರದಲ್ಲಿ ನೋಡಿದರೆ ಕೆಂಪು ಮಣ್ಣಿನೊಳಗೆ ಕೆಂಪು ಮಣ್ಣು. ರನ್‌ವೇ ಎಲ್ಲಿ ಮುಗಿಯಿತು, ಬಂಡಿದಾರಿ ಎಲ್ಲಿ ಮೊದಲಾಯಿತು ಎಂದು ಬ್ರಹ್ಮನಿಗೂ ತಿಳಿಯದು. ಅಂಥಲ್ಲಿಗೆ ಯಾರಾದರೂ ಹೋಗಿ ನಡೆಯಲೇಬೇಕು. ಪಟ್ಟಿಗಾರ ಹೋಗಿ ನಡೆಯುತ್ತಿದ್ದ.

ಅವನ ಒಂದು ಹೆಜ್ಜೆ ಎಂದರೆ ಎರಡೂವರೆ ಅಡಿ. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ. ಅವನ ಊರಿನ ದರ್ಜಿ ಹೊಸ ಟೇಪು ತಂದರೆ ಮೊದಲು ಇವನನ್ನು ಒಂದು ಹೆಜ್ಜೆ ನಡೆಸಿ, ಟೇಪು ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದನಂತೆ. ಇವನಿಗೂ ಒಂದು ಮೈಲಿಗಲ್ಲಿಗೂ ಲೆಕ್ಕ ತಪ್ಪಿದಾಗ ಮೈಲಿಗಲ್ಲೇ ನಾಚಿಕೊಂಡು ನಾಲ್ಕು ಅಂಗುಲ ಸರಿದು ಕೂತದ್ದನ್ನು ಕಣ್ಣಾರೆ ಕಂಡವರಿದ್ದರು. ಒಂದು ಚಳಿಗಾಲ ರೈಲು ಹಳಿಯ ಗುಂಟ ನಡೆದು ಮುಂದಿನ ಸ್ಟೇಷನ್ ತಲುಪಿ, ನಿಮ್ಮ ಹಳಿ ಗೇಣುದ್ದ ಮುದುಡಿದೆಯಲ್ಲ ಸ್ವಾಮಿ ಎಂದನಂತೆ. ಸ್ಟೇಷನ್ ಮಾಸ್ತರ ಆ ಹಳಿಗೆ ಕಂಬಳಿ ಹೊದಿಸಿದನಂತೆ. ಇದರಲ್ಲಿ ಅರ್ಧ ಪಟ್ಟಿಗಾರನೇ ಹಬ್ಬಿಸಿದ್ದು. ಉಳಿದರ್ಧ ನಾನು ಸೇರಿಸಿದ್ದು. ಆದರೆ ಬಳಗದವರು ಅವನ ಸಾಲುಗಳನ್ನು ನೋಡುತ್ತಿರಲಿಲ್ಲ ಎಂಬುದು ಮಾತ್ರ ಸುಳ್ಳಲ್ಲ. ಅವನ ಹೆಸರು ಕಂಡರೆ ಸಾಕು, ಮುಂದಿನ ಸಾಲಿಗೆ ಹೋಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವನು ಒಂದು ಗುಡ್ಡದ ಮೇಲಿನ ಮಣ್ಣಿನ ರನ್‌ವೇ ನಡೆದ. ಪೂರ್ವದ ತುದಿಗೆ ಒಂದು ಬಿಳಿ ಕಲ್ಲು, ಪಶ್ಚಿಮದ ತುದಿಗೆ ಒಂದು ಬಿಳಿ ಕಲ್ಲು. ಪಶ್ಚಿಮದ ಕಲ್ಲಿನ ಆಚೆ ಪಾಳುಬಿದ್ದ ಕಲ್ಲುಗಣಿ, ಆಳ ಗುಂಡಿ. ಕಲ್ಲಿನಿಂದ ಕಲ್ಲಿಗೆ ಸಾವಿರದ ಇನ್ನೂರು ಹೆಜ್ಜೆ. ಅಂದರೆ ಮೂರು ಸಾವಿರ ಅಡಿ. ಬರೆದ. ಗುಂಡಿಯನ್ನೂ ಅದೇ ಲೆಕ್ಕಕ್ಕೆ ಆಚೆ ಇಟ್ಟ. ಪಟ್ಟಿ ಹೊರಟಿತು.

ಒಂಬತ್ತು ವರ್ಷ ಹೋದವು. ಆ ರನ್‌ವೇ ಬಳಗದವರಿಗೆ ಅಚ್ಚುಮೆಚ್ಚಾಯಿತು. ಮುಂದೆ ಗುಂಡಿ ಬಾಯಿ ತೆರೆದಿರುವಾಗ ಸರಕು ತುಂಬಿದ ವಿಮಾನವನ್ನು ಇಳಿಸಿ ನಿಲ್ಲಿಸುವುದೆಂದರೆ ಗಂಡೆದೆ ಬೇಕು. ವರ್ಷಕ್ಕೊಮ್ಮೆ ಅಲ್ಲಿ ಪಂದ್ಯ ಇಟ್ಟರು. ಎಲ್ಲರಿಗಿಂತ ಭಾರದ ವಿಮಾನವನ್ನು ಇಳಿಸಿದವನು ಗೆದ್ದಂತೆ. ಒಬ್ಬ ವರ್ತಕ ಮೂರು ವರ್ಷ ಒಂದೇ ಸಮನೆ ಗೆದ್ದ. ತನ್ನ ಅಂಗಡಿಯ ಬೋರ್ಡಿನಲ್ಲಿ ಹೆಸರಿನ ಮುಂದೆ ಕ್ಯಾಪ್ಟನ್ ಎಂದು ಬರೆಸಿಕೊಂಡ.

ಅದೇ ಬಳಗಕ್ಕೆ ಒಬ್ಬ ಬಡಗಿ ಸೇರಿದ. ಅವನ ಊರು ಆ ಗುಡ್ಡದ ಬುಡದಲ್ಲಿ. ಒಂದು ವರ್ಷ ಅವನಿಗೆ ಅಂಕಿ ಬರೆಯುವ ಹಕ್ಕು ಕೊಡಲಿಲ್ಲ. ನಿಲ್ದಾಣಗಳಲ್ಲಿ ವಿಮಾನ ನಿಲ್ಲಿಸುವ ಶೆಡ್ಡುಗಳನ್ನು ಬರೆಯುವ ಕೆಲಸ ಕೊಟ್ಟರು. ಅವನು ಬೇಸರಪಡದೆ ಅರವತ್ತಮೂರು ಶೆಡ್ಡು ಬರೆದ. ಬಾಗಿಲು ಜಾರುತ್ತದೋ ಮಡಚುತ್ತದೋ, ತಿರುಗಣೆ ಯಾವ ಕಡೆಗೋ, ಒಂದನ್ನೂ ಬಿಡಲಿಲ್ಲ. ಮರ ಕೊಯ್ಯುವ ಯಂತ್ರಕ್ಕೆ ಬೆರಳೆರಡು ಕೊಟ್ಟ ಮೇಲೆ ಅವನಿಗೆ ನಿಜವಾದ ಬಾಗಿಲಿನ ಕೆಲಸ ಸಿಗುತ್ತಿರಲಿಲ್ಲ. ಈ ಅರವತ್ತಮೂರು ಬಾಗಿಲುಗಳೇ ಅವನ ಕಸುಬು, ಈ ಬಳಗವೇ ಅವನ ಕೇರಿ.

ಅಂಕಿ ಬರೆಯುವ ಹಕ್ಕು ಕೈಗೆ ಬಂದ ತಿಂಗಳೇ ಬಡಗಿ ತನ್ನ ಮೊದಲ ಅಂಕಿ ಬರೆದ. ಅದೂ ಪಟ್ಟಿಗಾರನ ಸಾಲನ್ನು ಅಳಿಸಿ, ಅದರ ಮೇಲೆ. ಮೂರು ಸಾವಿರ ಇದ್ದ ಕಡೆ ಎರಡು ಸಾವಿರದ ನಾನೂರ ಹನ್ನೊಂದು. ಗುಂಡಿಯೂ ಅಷ್ಟೇ ಈಚೆಗೆ ಬಂತು.

ಆ ಪಟ್ಟಿ ಹೊರಟ ವಾರದಲ್ಲಿ ನಲವತ್ತೊಂದು ವಿಮಾನ ಗುಂಡಿಗೆ ಬಿದ್ದವು. ಕುರ್ಚಿಯಲ್ಲಿ ಕೂತವರಿಗೆ ಗಾಯವಾಗಲಿಲ್ಲ, ಮರ್ಯಾದೆಗೆ ಆಯಿತು. ವರ್ತಕ ಆ ವರ್ಷದ ಪಂದ್ಯಕ್ಕೆಂದು ಮಾವನ ಮನೆಯವರನ್ನೆಲ್ಲ ಕರೆದು ಸಾಲಾಗಿ ಕೂರಿಸಿ ಇಳಿದಿದ್ದ. ಅವನ ವಿಮಾನ ಬಿಳಿ ಕಲ್ಲು ದಾಟಿ, ಮೂಗು ಮುಂದಾಗಿ, ಅತ್ತೆಯ ಕಣ್ಣೆದುರಿಗೇ ಗುಂಡಿಗೆ ಹೋಯಿತು.

ಬೇಕೆಂದೇ ಪಟ್ಟಿ ಕೆಡಿಸಿದವನನ್ನು ಬಳಗದಿಂದ ತೆಗೆಯಬೇಕು, ಅವನು ಬರೆದದ್ದನ್ನೆಲ್ಲ ಅಳಿಸಬೇಕು, ಮತ್ತೆ ಸೇರಿಸಕೂಡದು ಎಂಬ ನಿಯಮ ಆಗಲೂ ಇತ್ತು. ವರ್ತಕ ಅದನ್ನು ಎತ್ತಿ ಹಿಡಿದ. ಭಾನುವಾರ ಮಧ್ಯಾಹ್ನ ಮೂರಕ್ಕೆ ಸಭೆ ಎಂದಾಯಿತು. ಅಂದೇ ಸಂಜೆ ಆರಕ್ಕೆ ಮುಂದಿನ ಪಟ್ಟಿ ಮುಚ್ಚುವುದಿತ್ತು. ಆರರ ಒಳಗೆ ತೀರ್ಮಾನವಾಗಬೇಕು. ಹಿರಿಯನೆಂದು ಪಟ್ಟಿಗಾರನನ್ನೇ ನ್ಯಾಯಕ್ಕೆ ಕೂರಿಸಿದರು.

ಮೂವತ್ತೊಂದು ಮಂದಿ ತಮ್ಮ ತಮ್ಮ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾತಾಡುವ ಸಭೆ. ಮುಖಗಳಿಲ್ಲ, ದನಿಗಳು ಮಾತ್ರ. ಪಟ್ಟಿಗಾರನಿಗೆ ಬಡಗಿಯ ಮೇಲೆ ಸಿಟ್ಟೇನೂ ಇರಲಿಲ್ಲ. ಪಾಪ, ಹೊಸಬ, ತಪ್ಪು ಒಪ್ಪಿಕೊಂಡರೆ ಶಿಕ್ಷೆ ಇಳಿಸೋಣ ಎಂದುಕೊಂಡೇ ಕೂತಿದ್ದ. ಆನೆ ಇರುವೆಯನ್ನು ಕ್ಷಮಿಸುವ ಉದಾರತೆ ಅದು.

ಹೇಗೆ ಅಳೆದೆ ಎಂದು ವರ್ತಕ ಬಡಗಿಯನ್ನು ಕೇಳಿದ. ನೂರು ಅಡಿಯ ಟೇಪಿನಲ್ಲಿ, ಎರಡು ಸಲ ಎಂದು ಬಡಗಿ ಹೇಳಿದ. ಇನ್ನೊಂದು ತುದಿ ಹಿಡಿದವರು ಯಾರು ಎಂದು ವರ್ತಕ ಕೇಳಿದ. ಯಾರೂ ಇರಲಿಲ್ಲ, ನೆಲಕ್ಕೆ ಮೊಳೆ ಹೊಡೆದು ಅದಕ್ಕೆ ಸಿಕ್ಕಿಸಿಕೊಂಡು ಹೋದೆ, ಕೊನೆಯವರೆಗೆ ಇಪ್ಪತ್ತೈದು ಮೊಳೆ ಹಿಡಿಯಿತು ಎಂದು ಬಡಗಿ ಹೇಳಿದ.

“ಒಳ್ಳೆಯದಾಯಿತು,” ಎಂದ ವರ್ತಕ. “ಪಟ್ಟಿಗಾರರ ಒಂದು ಕಾಲಿನ ಎದುರಿಗೆ ಇವನ ಕಡೆ ಇಪ್ಪತ್ತೈದು ಸಾಕ್ಷಿ. ಎಲ್ಲರೂ ಒಂದೇ ಮನೆತನದವರು, ತಲೆಯ ಮೇಲೆ ಹೊಡೆದರೆ ಮಾತ್ರ ನೆಟ್ಟಗೆ ನಿಲ್ಲುವವರು.”

ಸಭೆ ನಕ್ಕಿತು. ಪಟ್ಟಿಗಾರನೂ ನಕ್ಕ. ಆಮೇಲೆ ವರ್ತಕ, ಪಟ್ಟಿಗಾರರು ಅಂದು ಬರೆದ ಪುಸ್ತಕವನ್ನು ಓದಿ ಹೇಳಿಬಿಡಲಿ, ವ್ಯಾಜ್ಯ ಅಲ್ಲಿಗೆ ಮುಗಿಯಿತು ಎಂದು ಕೇಳಿಕೊಂಡ.

ಪಟ್ಟಿಗಾರ ನಡೆದ ದಾರಿಯನ್ನೆಲ್ಲ ಸಣ್ಣ ಪುಸ್ತಕಗಳಲ್ಲಿ ಬರೆದಿಡುತ್ತಿದ್ದ. ಆ ಬೇಸಿಗೆಯ ಪುಸ್ತಕ ತೆಗೆದ. ಹಾಳೆ ತಿರುವಿ, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದ. ಪೂರ್ವದ ಬಿಳಿ ಕಲ್ಲಿನಿಂದ ಪಶ್ಚಿಮದ ಬಿಳಿ ಕಲ್ಲಿಗೆ ಸಾವಿರದ ಇನ್ನೂರು ಹೆಜ್ಜೆ.

ಅದರ ಕೆಳಗೆ ಇನ್ನೆರಡು ಸಾಲು ಇದ್ದವು. ಅವನ್ನೂ ಓದಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು.

ಬಿಸಿಲು, ಕಾವಲುಗಾರ ಮಜ್ಜಿಗೆ ಕೊಟ್ಟ ಎಂದಿತ್ತು ಮೊದಲನೆಯ ಸಾಲು. ಎರಡನೆಯದು, ಬಸ್ಸಿನ ಮೆಟ್ಟಿಲಿಂದ ಬಿದ್ದ ಮೊಣಕಾಲಿನ ಊತ ಇನ್ನೂ ಇಳಿದಿಲ್ಲ, ಬಟ್ಟೆ ಬಿಗಿದುಕೊಂಡು ನಡೆದೆ ಎಂದು.

ಸರಿ, ಮುಗಿಯಿತಲ್ಲ ಎಂದು ಯಾರದೋ ದನಿ ಹೇಳಿತು. ಪಟ್ಟಿಗಾರ ನೀರು ಕುಡಿದು ಬರುತ್ತೇನೆ ಎಂದು ಎದ್ದ. ಗಡಿಯಾರದಲ್ಲಿ ನಾಲ್ಕೂವರೆ.

ಅವನ ಮನೆಯ ಪಡಸಾಲೆ ಗೋಡೆಯಿಂದ ಗೋಡೆಗೆ ಮೂವತ್ತು ಅಡಿ. ದಿನಾ ನಡೆದು ಗೊತ್ತಿದ್ದದ್ದೇ, ಹನ್ನೆರಡು ಹೆಜ್ಜೆ. ಅವನು ಹೆಗಲ ಮೇಲಿನ ಟವೆಲನ್ನು ಎಡ ಮೊಣಕಾಲಿಗೆ ಬಿಗಿದು ಕಟ್ಟಿದ. ಮೊಣಕಾಲು ಮಡಚದ ಹಾಗೆ ಇನ್ನೊಂದು ಸುತ್ತು ಬಿಗಿದ. ಗೋಡೆಗೆ ಬೆನ್ನು ಕೊಟ್ಟು ನಿಂತು ಹೊರಟ. ಒಂದು, ಎರಡು, ಮೂರು. ಹನ್ನೆರಡಕ್ಕೆ ಎದುರಿನ ಗೋಡೆ ಬರಲಿಲ್ಲ. ಹದಿಮೂರು. ಹದಿನಾಲ್ಕು. ಹದಿನೈದಕ್ಕೆ ಹೆಬ್ಬೆರಳು ಗೋಡೆಗೆ ತಗಲಿತು.

ಅವನ ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತ ಅಲ್ಲೇ ಕೂತಿದ್ದಳು. “ಅದೇನೋ ಅದು, ಈ ವಯಸ್ಸಿನಲ್ಲಿ ಕುಂಟೆಬಿಲ್ಲೆ?” ಎಂದಳು.

ಅವನು ಮತ್ತೆ ಗೋಡೆಗೆ ಬೆನ್ನು ಕೊಟ್ಟು ನಿಂತ. ಇನ್ನೊಂದು ಸಲ ನಡೆದ. ಹದಿನೈದು.

ಮೂವತ್ತು ಅಡಿಗೆ ಹದಿನೈದು ಹೆಜ್ಜೆ ಎಂದರೆ ಹೆಜ್ಜೆಗೆ ಎರಡು ಅಡಿ. ಸಾವಿರದ ಇನ್ನೂರು ಹೆಜ್ಜೆಗೆ ಎರಡು ಸಾವಿರದ ನಾನೂರು. ಬಡಗಿಯ ಇಪ್ಪತ್ತೈದು ಮೊಳೆಗಳು ಹೇಳಿದ್ದಕ್ಕೆ ಹನ್ನೊಂದೇ ಅಡಿ ಕಡಿಮೆ. ಪಟ್ಟಿಗಾರ ಗೋಡೆಗೆ ಕೈಯೂರಿ ನಿಂತ. ಹೆಜ್ಜೆ ಎಷ್ಟು ಎಂದು ಅವನು ಎಣಿಸಿದ್ದ. ಹೆಜ್ಜೆ ಎಷ್ಟುದ್ದ ಎಂದು ಅಂದು ಕಾಲನ್ನು ಕೇಳಿರಲಿಲ್ಲ. ಮೈಲಿಗಲ್ಲನ್ನು ನಾಚಿಸಿದ ಕಾಲನ್ನು ಕೇಳುವವರು ಯಾರು?

ಪುಸ್ತಕ ಕಂಡದ್ದು ಅವನೊಬ್ಬನಿಗೇ. ಬಟ್ಟೆ ಬಿಗಿದದ್ದು ಗೊತ್ತಿದ್ದ ಕಾವಲುಗಾರ ತೀರಿಕೊಂಡು ವರ್ಷಗಳಾಗಿದ್ದವು. ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಹೇಳುವ ಕೆಲಸವೂ ಇರಲಿಲ್ಲ. ಓದಿದ್ದು ನಿಜ, ಓದದೆ ಬಿಟ್ಟದ್ದು ಎರಡು ಸಾಲು.

ಅವನ ಮನಸ್ಸು ವಕೀಲನಾಯಿತು. ಆ ಬೇಸಿಗೆ ಅದೇ ಮೊಣಕಾಲಿನಲ್ಲಿ ಒಂದಲ್ಲ, ಆರು ರನ್‌ವೇ ನಡೆದಿದ್ದೆ. ಇದೊಂದು ಬಿದ್ದರೆ ಆರೂ ಬೀಳುತ್ತವೆ. ಆರು ಬಿದ್ದರೆ ನಾನು ಬರೆದ ನಾನೂರು ಸಾಲನ್ನೂ ಜನ ಅನುಮಾನದಿಂದ ನೋಡುತ್ತಾರೆ. ಪುಕ್ಕಟೆ ಪಟ್ಟಿಯ ಹಣೆಬರಹವೇ ಇಷ್ಟು ಎಂದು ಮಾರುವವರು ನಗುತ್ತಾರೆ. ಬಳಗಕ್ಕಾಗಿಯಾದರೂ ಸುಮ್ಮನಿರುವುದು ಧರ್ಮವಲ್ಲವೇ? ಅಷ್ಟಕ್ಕೂ ಅದು ಆಟದ ವಿಮಾನ, ಆಟದ ಗುಂಡಿ. ಹೋಗುವುದು ಏನು, ಅರವತ್ತಮೂರು ಶೆಡ್ಡು. ಶೆಡ್ಡುಗಳನ್ನು ಯಾರಾದರೂ ಮತ್ತೆ ಬರೆದಾರು.

ವಾದ ಎಷ್ಟು ಚೆನ್ನಾಗಿತ್ತೆಂದರೆ ಅವನಿಗೇ ಅನುಮಾನ ಬಂತು. ಸತ್ಯದ ಪರವಾಗಿ ಅವನ ಮನಸ್ಸು ಎಂದೂ ಇಷ್ಟು ಚುರುಕಾಗಿ ವಾದಿಸಿರಲಿಲ್ಲ.

ಅವನು ಬಂದು ಕೂರುವಷ್ಟರಲ್ಲಿ ವರ್ತಕ ಠರಾವು ಓದಿ ಮುಗಿಸಿದ್ದ. ಬಡಗಿಯನ್ನು ತೆಗೆಯಬೇಕು, ಅವನ ಸಾಲುಗಳನ್ನೆಲ್ಲ ಅಳಿಸಬೇಕು ಎಂದು. ಒಪ್ಪಿದವರು ಒಬ್ಬೊಬ್ಬರಾಗಿ ಹೂಂ ಅನ್ನುವುದು ಪದ್ಧತಿ. ಹೂಂ, ಹೂಂ ಎಂದು ದನಿಗಳು ಬರತೊಡಗಿದವು. ಬೇರೆ ಬೇರೆ ಊರಿನ ದನಿ, ಬೇರೆ ಬೇರೆ ವಯಸ್ಸಿನ ದನಿ. ಪಟ್ಟಿಗಾರ ಎಣಿಸುತ್ತಿದ್ದ. ಎಣಿಸುವುದು ಅವನ ಚಾಳಿ. ಇಪ್ಪತ್ತೊಂಬತ್ತಕ್ಕೆ ನಿಂತಿತು. ಉಳಿದವರು ಬಡಗಿ ಮತ್ತು ಅವನು. ಗಡಿಯಾರ ಐದೂ ಕಾಲು ತೋರಿಸುತ್ತಿತ್ತು.

ಕೊನೆಯದಾಗಿ ಹೇಳುವುದೇನಾದರೂ ಇದೆಯೇ ಎಂದು ವರ್ತಕ ಬಡಗಿಯನ್ನು ಕೇಳಿದ.

ಬಡಗಿಯ ದನಿ ಬಂತು. “ನನ್ನನ್ನು ತೆಗೆಯಿರಿ. ಶೆಡ್ಡುಗಳನ್ನೂ ಅಳಿಸಿ. ಆದರೆ ಆ ಗುಂಡಿಯನ್ನು ಮತ್ತೆ ಆಚೆಗೆ ತಳ್ಳಬೇಡಿ. ಕಲ್ಲು ದಾಟಿದ ಕೂಡಲೇ ನೆಲ ಇಲ್ಲ. ಅದೊಂದನ್ನು ಯಾರ ಹೆಸರಿನಲ್ಲಾದರೂ ಬರೆದುಕೊಳ್ಳಿ.”

ಪಟ್ಟಿಗಾರನ ಸರದಿ. ಅವನ ಒಂದು ಹೂಂ ಬಾಕಿ. ಮೂವತ್ತು ಮನೆಗಳಲ್ಲಿ ಮೂವತ್ತು ಜನ ಕಿವಿಗೊಟ್ಟು ಕೂತಿದ್ದರು. ಮೊಣಕಾಲಿನ ಟವೆಲನ್ನು ಅವನು ಇನ್ನೂ ಬಿಚ್ಚಿರಲಿಲ್ಲ. ಕಾಲು ಜೋಮು ಹಿಡಿದಿತ್ತು.

“ಅಂದು ನಾನು ಕುಂಟುತ್ತಿದ್ದೆ,” ಎಂದ.

ಯಾರಿಗೂ ಅರ್ಥವಾಗಲಿಲ್ಲ. ಅವನು ಪುಸ್ತಕದ ಉಳಿದೆರಡು ಸಾಲನ್ನೂ ಓದಿದ. ಪಡಸಾಲೆಯಲ್ಲಿ ನಡೆದದ್ದನ್ನು ಹೇಳಿದ. ಹೆಜ್ಜೆ ಎರಡೇ ಅಡಿ, ರನ್‌ವೇ ಎರಡು ಸಾವಿರದ ನಾನೂರರ ಆಸುಪಾಸು, ಒಂಬತ್ತು ವರ್ಷ ತಪ್ಪು ಬರೆದವನು ನಾನು ಎಂದ. ಹೇಳಿ ಕಣ್ಣು ಮುಚ್ಚಿಕೊಂಡು, ಬೀಳುವ ಏಟಿಗೆ ಕಾದ.

ಏಟು ಬೀಳಲಿಲ್ಲ. ಸಭೆ ಉಘೇ ಎಂದಿತು. ಎಂಥ ದೊಡ್ಡ ಗುಣ, ಇಂಥವರು ಇರುವುದರಿಂದಲೇ ಬಳಗ ನಿಂತಿದೆ ಎಂದು ಒಬ್ಬ ಹೇಳಿದ. ಎಲ್ಲರಿಗಿಂತ ಮೊದಲು ದಾರಿ ಬದಲಿಸಿದವನು ವರ್ತಕ.

“ಪಟ್ಟಿಗಾರರೇ ಹೇಳಿದ ಮೇಲೆ ಇನ್ನೇನಿದೆ? ಎರಡು ಸಾವಿರದ ನಾನೂರು ಎಂದೇ ಬರೆಯೋಣ. ಕುಂಟುವಾಗಲೂ ಅವರ ಹೆಜ್ಜೆ ಸರಿಯಾಗಿ ಎರಡು ಅಡಿ, ನೋಡಿದಿರಾ?”

ಹೂಂ ಎಂದಿತು ಒಂದು ದನಿ. ಹೂಂ ಎಂದಿತು ಇನ್ನೊಂದು. ಅವೇ ದನಿಗಳು, ಅದೇ ಸಾಲಿನಲ್ಲಿ, ಅದೇ ವೇಗದಲ್ಲಿ. ಬಡಗಿಯನ್ನು ತೆಗೆಯಲು ಹೊರಟಾಗ ಎಷ್ಟು ಸಲೀಸಾಗಿ ಬಂದಿದ್ದವೋ ಅಷ್ಟೇ ಸಲೀಸಾಗಿ. ಪಟ್ಟಿಗಾರ ಎಣಿಸುತ್ತಿದ್ದ. ಹತ್ತಕ್ಕೆ ಬರುವಷ್ಟರಲ್ಲಿ ತಪ್ಪು ಒಪ್ಪಿಕೊಳ್ಳುವ ಮೊದಲು ಇಲ್ಲದ ಹೆದರಿಕೆ ಈಗ ಹುಟ್ಟಿತು. ಟವೆಲು ಕಟ್ಟಿಕೊಂಡು ಪಡಸಾಲೆಯಲ್ಲಿ ಎರಡು ಸಲ ನಡೆದವನ ಮಾತಿನ ಮೇಲೆ ಒಂದು ರನ್‌ವೇ ಪಟ್ಟಿಗೆ ಇಳಿಯುತ್ತಿತ್ತು. ಟೇಪು ಹಿಡಿದು ಅಳೆದವನ ಹನ್ನೊಂದು ಅಡಿ ಎಲ್ಲಿ ಹೋಯಿತೆಂದು ಕೇಳಿದವರೂ ಇಲ್ಲ. ಒಂಬತ್ತು ವರ್ಷದ ಹಿಂದೆ ನಡೆದದ್ದೂ ಇದೇ ಅಲ್ಲವೇ?

ನಿಲ್ಲಿ, ನನ್ನ ಮಾತನ್ನು ಹೀಗೆ ತೆಗೆದುಕೊಳ್ಳಬೇಡಿ ಎಂದು ಅವನು ಹೇಳಿದ. ವಿನಯ ನೋಡಿ ಎಂದರು. ಇಪ್ಪತ್ತು, ಇಪ್ಪತ್ತೊಂದು. ಮೊಣಕಾಲಿನ ಊತ ಅಂದು ಎಷ್ಟಿತ್ತೋ ನನಗೇ ನೆನಪಿಲ್ಲ ಎಂದ. ಅಷ್ಟು ವರ್ಷದ ಮೇಲೂ ಊತವನ್ನು ನೆನಪಿಟ್ಟುಕೊಂಡಿದ್ದಾರಲ್ಲ ಎಂದರು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಗಡಿಯಾರದಲ್ಲಿ ಆರಕ್ಕೆ ಇಪ್ಪತ್ತು ನಿಮಿಷ.

ಬಡಗಿ ಹೂಂ ಅನ್ನಲಿಲ್ಲ.

ನಿನ್ನನ್ನು ಉಳಿಸಿದವರ ಮಾತಿಗೇ ಹೂಂ ಅನ್ನುವುದಿಲ್ಲವೇ, ನಿನ್ನ ಹನ್ನೊಂದು ಅಡಿಗಾಗಿ ಹಟವೇ ಎಂದು ವರ್ತಕ ಗದರಿದ. ಹಾಗಾದರೆ ನಿನ್ನ ಅಂಕಿಯೇ ಬರೆಯೋಣ, ಆಯಿತಲ್ಲ ಎಂದು ಇನ್ನೊಬ್ಬ ರಾಜಿಗೆ ಬಂದ. ಮುಚ್ಚುವ ಹೊತ್ತಾಗಿತ್ತು. ಎಲ್ಲರಿಗೂ ಯಾವುದಾದರೂ ಒಂದು ಅಂಕಿ ಬೇಕಾಗಿತ್ತು.

“ನನ್ನದೂ ಬೇಡ,” ಎಂದ ಬಡಗಿ. “ಟೇಪಿನ ಈ ತುದಿಯಲ್ಲಿ ನಾನಿದ್ದೆ. ಆ ತುದಿಯ ಮೊಳೆ ಅಲುಗಿತೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು? ಪಟ್ಟಿಗಾರರೇ, ನೀವು ಬಂದು ಆ ತುದಿ ಹಿಡಿಯಿರಿ.”

ತನ್ನನ್ನು ಉಳಿಸುವ ಅಂಕಿಯನ್ನೂ ಅಳೆಯದೆ ಒ‌ಪ್ಪದ ಮನುಷ್ಯನನ್ನು ಪಟ್ಟಿಗಾರ ಆವರೆಗೆ ಕಂಡಿರಲಿಲ್ಲ. ಪಟ್ಟಿಗೆ ಬೀಗ ಹಾಕುವ ಅಧಿಕಾರ ಹಿರಿಯನದು. ಅವನು ಯಾರ ಹೂಂಗೂ ಕಾಯಲಿಲ್ಲ. ಆ ರನ್‌ವೇಯ ಸಾಲನ್ನು ತೆರೆದು ಉದ್ದದ ಜಾಗದಲ್ಲಿದ್ದ ಅಂಕಿ ಅಳಿಸಿದ. ಅಳತೆ ಆಗಿಲ್ಲ ಎಂದು ಬರೆದ. ಆ ಬೇಸಿಗೆಯ ಉಳಿದ ಐದನ್ನೂ ತೆರೆದು, ಒಂದೊಂದಾಗಿ, ಅಲ್ಲೂ ಅಳತೆ ಆಗಿಲ್ಲ ಎಂದು ಬರೆದ. ಆರು ಹೊಡೆಯಿತು. ಪಟ್ಟಿ ಹೊರಟಿತು.

ಆ ತಿಂಗಳು ಬಳಗ ಕೇಳಬಾರದ ಮಾತೆಲ್ಲ ಕೇಳಿತು. ಪಂದ್ಯ ನಿಂತಿತು. ಮಾರುವವರು ನಿಜವಾಗಿಯೂ ನಕ್ಕರು. ವರ್ತಕ ಬೋರ್ಡಿನಿಂದ ಕ್ಯಾಪ್ಟನ್ ಎಂಬುದನ್ನು ಅಳಿಸಲಿಲ್ಲ, ಆದರೆ ಅದರ ಮುಂದೆ ಒಂದು ಬಾಳೆಗೊನೆ ತೂಗುಹಾಕಿದ.

ಪಟ್ಟಿಗಾರ ಎರಡು ಬಸ್ಸು ಬದಲಿಸಿ ಗುಡ್ಡದ ಬುಡಕ್ಕೆ ಹೋದ. ಬಡಗಿ ಟೇಪು ಹಿಡಿದು ನಿಂತಿದ್ದ. ಇಬ್ಬರೂ ಗುಡ್ಡ ಹತ್ತಿದರು. ಬೆಳಗಿನಿಂದ ಅಳೆದರು. ಒಂದು ಸಲ ಪಟ್ಟಿಗಾರ ಹಿಂದಿನ ತುದಿ, ಬಡಗಿ ಮುಂದಿನ ತುದಿ. ಇನ್ನೊಂದು ಸಲ ಅದಲು ಬದಲು. ಪ್ರತಿ ನೂರು ಅಡಿಗೂ ಇವನು ಕೂಗಿದ್ದನ್ನು ಅವನು ಬಂದು ನೋಡಬೇಕು, ಅವನು ಕೂಗಿದ್ದನ್ನು ಇವನು ಹೋಗಿ ನೋಡಬೇಕು. ಮೊದಮೊದಲು ಪಟ್ಟಿಗಾರನಿಗೆ ಬಡಗಿ ಬಗ್ಗಿ ನೋಡಿದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಿಸಿಯಾಗುವುದು ನಿಂತಿತು. ಸಂಜೆಯ ಹೊತ್ತಿಗೆ, ಬಡಗಿ ನೋಡದೆ ಮುಂದೆ ಹೋದರೆ ಪಟ್ಟಿಗಾರನೇ ಕರೆದು ನೋಡು ಅನ್ನುತ್ತಿದ್ದ. ಪಶ್ಚಿಮದ ಕಲ್ಲಿನ ಹತ್ತಿರ ಗುಂಡಿಯ ಅಂಚಿನಲ್ಲಿ ಇಬ್ಬರೂ ಕೂತು ಬುತ್ತಿ ಬಿಚ್ಚಿದರು. ಇಬ್ಬರೂ ಒಪ್ಪಿದ ಅಂಕಿ ಮೂರು ಸಾವಿರವೂ ಆಗಿರಲಿಲ್ಲ, ಎರಡು ಸಾವಿರದ ನಾನೂರೂ ಆಗಿರಲಿಲ್ಲ, ಬಡಗಿ ಮೊದಲು ಬರೆದದ್ದೂ ಆಗಿರಲಿಲ್ಲ.

ಒಬ್ಬರು ಬರೆದದ್ದನ್ನು ಬೇರೆ ಇಬ್ಬರು ನೋಡಬೇಕೆಂಬ ಕಟ್ಟಳೆಯನ್ನು ಪಟ್ಟಿಗಾರನೇ ತಂದ. ಹಿರಿಯರ ಸಾಲಿಗೆ ವಿನಾಯಿತಿ ಇರಲಿ ಎಂದು ಬಳಗದವರು ಬೇಡಿಕೊಂಡರು. ಅವನು ಒಪ್ಪಲಿಲ್ಲ. ಕಟ್ಟಳೆ ಬಂದ ಮೇಲೆ ಅವನು ಬರೆದ ಮೊದಲನೆಯ ಸಾಲನ್ನು ಬಡಗಿ, ನೆಲದ ಎತ್ತರ ಎಲ್ಲಿಂದ ತಂದಿರಿ ಎಂದು ಕೇಳಿ ವಾಪಸು ಕಳಿಸಿದ. ಪಟ್ಟಿಗಾರ ಆ ದಿನ ಮನೆಯಲ್ಲಿ ಪಾಯಸ ಮಾಡಿಸಿದನಂತೆ. ಒಂದು ಹಂಡೆ ಪಾಯಸ. ಊರೆಲ್ಲ ಉಂಡರೂ ಮುಗಿಯದೆ, ಉಳಿದದ್ದನ್ನು ಆ ನಾಚಿದ ಮೈಲಿಗಲ್ಲಿನವರೆಗೂ ಹಂಚಿದರಂತೆ.

ಗುರುಗಳು ಕತೆ ನಿಲ್ಲಿಸಿದರು.

ಫಕೀರೇಶನ ಮುಖದ ಮೇಲಿನ ಮುನಿಸು ಹೋಗಿತ್ತು. ತನ್ನ ಹದಿನಾಲ್ಕು ಸಾಲುಗಳನ್ನೂ ಇಂದೇ ಮತ್ತೆ ನೋಡುತ್ತೇನೆ ಎಂದ. ಆಮೇಲೆ ಏನೋ ಹೊಳೆದವನಂತೆ ಜೇಬಿನಿಂದ ಪೆನ್ನು ತೆಗೆದು, ಅಂಗೈ ಬಿಚ್ಚಿ, ಹಾಗಾದರೆ ಆ ರನ್‌ವೇ ಕೊನೆಗೆ ಸರಿಯಾಗಿ ಎಷ್ಟು ಅಡಿ ಬಂತು ಗುರುಗಳೇ ಎಂದು ಕೇಳಿದ.

“ನಾನು ಹೇಳಿದರೆ ಹಾಗೇ ಬರೆದುಕೊಂಡುಬಿಡುತ್ತೀಯೇನು?” ಎಂದರು ಗುರುಗಳು.